ಪತ್ರಿಕೆಯೂ ಜಾಹೀರಾತಿನ ಹಣವೂ

ನಮ್ಮ ಹೊಳೆಹೊನ್ನೂರಿಗೆ ಭದ್ರಾವತಿಯು ದೂರವಲ್ಲ. ಅಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಲ್ಲಿ ಮುಂದೆ ಸುದ್ದಿಕಾಗದವೂ ಬಹುಕಾಲ ತಯಾರಾಯಿತು. ಆ ಕಾಗದದ ಬೆಲೆಯನ್ನು ತೆರುವವರು ಯಾರೆಂಬುದರ ಮೇಲೆ ಪತ್ರಿಕೆಯ ನುಡಿಯು ಬಹುಮಟ್ಟಿಗೆ ನಿಂತಿರುವುದು.

ವಾಚಕನು ಕೊಡುವ ಕ್ರಯದಿಂದ ಅಚ್ಚಿನ ವೆಚ್ಚವು ತೀರದಿದ್ದಲ್ಲಿ ಉಳಿದುದನ್ನು ಜಾಹೀರಾತುದಾರನು ತುಂಬುವನು. ಸುಳ್ಳು ಬರೆಯಿರೆಂದು ಅವನು ಹೇಳಬೇಕಾದುದಿಲ್ಲ. ಪ್ರತಿಸ್ಪರ್ಧಿಯಾದ ಎರಡು ಸರಕುಗಳಲ್ಲಿ ಒಂದರ ಗುಣವು ವಿಸ್ತಾರವಾಗಿ ವರ್ಣಿತವಾಗಿ, ಇನ್ನೊಂದರ ಹೆಸರೇ ಬಾರದಿದ್ದರೆ ಸಾಕು. ಕಂಪ್ಯೂಟರಿನಂತೆ ವಾಚಕನು ಕೊಳ್ಳುವ ಮೊದಲು ತಾನೇ ಪರೀಕ್ಷಿಸಲಾರದ ವಸ್ತುಗಳಲ್ಲಿ ಈ ಅಪಾಯವು ಹೆಚ್ಚು. ಅಮೆರಿಕದ ಹಣಕಾಸಿನ ಪತ್ರಿಕೆಗಳನ್ನು ಪರಿಶೀಲಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಲೇಖನವು ಇದಕ್ಕೆ ಸಾಕ್ಷಿ. ಜಾಹೀರಾತು ಕೊಟ್ಟ ಮ್ಯೂಚುವಲ್ ಫಂಡುಗಳಿಗೆ ಕೆಲವು ಮಾಸಪತ್ರಿಕೆಗಳಲ್ಲಿ ಹೆಚ್ಚಿನ ಶಿಫಾರಸು ದೊರೆತಿದ್ದಿತು. ಎರಡು ದೊಡ್ಡ ದಿನಪತ್ರಿಕೆಗಳಲ್ಲಿ ಅಂತಹ ಪಕ್ಷಪಾತವು ಕಾಣಲಿಲ್ಲ. ಆದುದರಿಂದ ಈ ದೋಷವು ಅನಿವಾರ್ಯವೆಂದು ಹೇಳಲಾಗದು.

ಜಾಹೀರಾತನ್ನೇ ತೊರೆದವರೂ ಉಂಟು. ಗಾಂಧೀಜಿಯವರು 1919ರಲ್ಲಿ ವಹಿಸಿಕೊಂಡ ‘ಯಂಗ್ ಇಂಡಿಯಾ’ವನ್ನು ಜಾಹೀರಾತಿಲ್ಲದೆ ನಡೆಸಿದರು. ನಮ್ಮ ಜಿಲ್ಲೆಯ ಕೊನಗವಳ್ಳಿಯಲ್ಲಿ ಜನಿಸಿದ ಪಿ. ಲಂಕೇಶರು 1980ರಲ್ಲಿ ಬೆಂಗಳೂರಿನಿಂದ ‘ಲಂಕೇಶ್ ಪತ್ರಿಕೆ’ಯನ್ನು ಹೊರಡಿಸಿ, 2000ದಲ್ಲಿ ತೀರಿಕೊಳ್ಳುವವರೆಗೂ ವಾಚಕರ ಹಣವನ್ನೇ ನೆಚ್ಚಿ ನಡೆಸಿದರು. ಮಂತ್ರಿಗಳನ್ನು ಕಟುವಾಗಿ ಟೀಕಿಸಿದರೆ ಸರ್ಕಾರಿ ಜಾಹೀರಾತು ನಿಂತೀತೆಂಬ ಭಯವು ಆ ಪತ್ರಿಕೆಗೆ ಇರಲಿಲ್ಲ. ಕಳೆದುಕೊಳ್ಳಲು ಅಂತಹ ಆದಾಯವೇ ಇದ್ದಿಲ್ಲ.

ಆದರೆ ಈ ಮಾರ್ಗದಲ್ಲಿ ವಾಚಕನೇ ಒಡೆಯನಾಗುವನು. ಅವನನ್ನು ಮೆಚ್ಚಿಸಬೇಕೆಂಬ ಆಸೆಯೂ ಒಂದು ಬಂಧನವೇ ಸರಿ. ಆದರೂ ಈ ಒಡೆಯನು ಒಬ್ಬನಲ್ಲ, ಸಹಸ್ರಾರು ಮಂದಿ. ಚಂದಾ ಕೊಡಲು ಹಿಂಜರಿದು ಸಂಪಾದಕನ ನಿರ್ಭೀತಿಯನ್ನು ಮಾತ್ರ ಅಪೇಕ್ಷಿಸುವುದು ನ್ಯಾಯವಲ್ಲ.