ಕೈಕಾಲಿನ ಒರಟು ಚರ್ಮ: ಮನೆಮದ್ದು ಯಾವುದು, ಎಚ್ಚರಿಕೆ ಎಲ್ಲಿ?

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಮಾದನಹಿಪ್ಪರಗಾ ಸುತ್ತಲಿನ ಎರೆ ಭೂಮಿಯಲ್ಲಿ ಚಳಿಗಾಲವೆಂದರೆ ಬಿಡುವಿಲ್ಲದ ದುಡಿಮೆಯ ಕಾಲ. ಹತ್ತಿ ಬಿಡಿಸುವುದು, ತೊಗರಿ ಕೊಯ್ಯುವುದು, ಬಳಿಕ ಹಿಂಗಾರಿ ಜೋಳ ಮತ್ತು ಮುಳ್ಳಿನ ಕುಸುಬೆಯ ಕಟಾವು ಒಂದರ ಹಿಂದೊಂದು ಬರುತ್ತವೆ. ನೆರೆಯ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಿಯೂ ಇದೇ ಸ್ಥಿತಿ. ಒಣಹವೆ, ಮಣ್ಣು ಮತ್ತು ಒರಟು ಕಡ್ಡಿಗಳ ನಡುವೆ ದುಡಿಯುವ ಕೈಗಳ ಚರ್ಮ ಗಡುಸಾಗುತ್ತದೆ, ಹಿಮ್ಮಡಿ ಒಡೆಯುತ್ತದೆ.

ಇದು ಹೊಲದಲ್ಲಿ ದುಡಿಯುವವರಿಗಷ್ಟೇ ಸೀಮಿತವಾದ ತೊಂದರೆಯಲ್ಲ. ಪಾತ್ರೆ ತೊಳೆಯುವ ಸೋಪು, ಬಟ್ಟೆಯ ಡಿಟರ್ಜೆಂಟ್, ಹವಾನಿಯಂತ್ರಿತ ಕಚೇರಿ, ಗಟ್ಟಿ ನೆಲದ ಮೇಲೆ ದಿನವಿಡೀ ನಿಲ್ಲುವ ಉದ್ಯೋಗ ಇವೆಲ್ಲ ನಗರವಾಸಿಗಳ ಕೈಕಾಲುಗಳನ್ನೂ ಒರಟಾಗಿಸುತ್ತವೆ. ಎರೆ ನೆಲ ಬಿರಿಯುವುದು ಅದರ ತೇವ ಆರಿದಾಗ. ಅಂಗಾಲು ಬಿರಿಯುವುದಕ್ಕೂ ಮುಖ್ಯ ಕಾರಣ ಅದೇ. ಆದ್ದರಿಂದ ಚರ್ಮವನ್ನು ಕೆರೆದು ತೆಗೆಯುವುದಕ್ಕಿಂತ ಅದರಲ್ಲಿ ತೇವ ನಿಲ್ಲುವಂತೆ ಮಾಡುವುದೇ ನಿಜವಾದ ಆರೈಕೆ.

ಒರಟಾಗಲು ಕಾರಣವೇನು?

ಅಂಗೈ ಮತ್ತು ಅಂಗಾಲಿನ ಚರ್ಮ ದೇಹದಲ್ಲಿಯೇ ಅತ್ಯಂತ ದಪ್ಪನೆಯದು. ಇಲ್ಲಿ ಬೆವರಿನ ಗ್ರಂಥಿಗಳು ಹೇರಳವಾಗಿದ್ದರೂ ಜಿಡ್ಡು ಸ್ರವಿಸುವ ಗ್ರಂಥಿಗಳಿಲ್ಲ. ಮುಖ ಅಥವಾ ನೆತ್ತಿಗೆ ತಾನಾಗಿ ದೊರೆಯುವ ಎಣ್ಣೆಯ ರಕ್ಷಣೆ ಅಂಗಾಲಿಗೆ ದೊರೆಯುವುದಿಲ್ಲ. ಚರ್ಮದ ಹೊರಪದರದಲ್ಲಿರುವುದು ಸತ್ತ ಕೋಶಗಳು. ಯೂರಿಯಾದಂತಹ ಸಹಜ ದ್ರವ್ಯಗಳ ನೆರವಿನಿಂದ ಈ ಪದರವು ನೀರನ್ನು ಹಿಡಿದಿಟ್ಟುಕೊಂಡು ಮೆದುವಾಗಿರುತ್ತದೆ. ನೀರಿನಂಶ ಕುಗ್ಗಿದಾಗ ಬಾಗುವ ಗುಣವನ್ನು ಕಳೆದುಕೊಂಡು ಒತ್ತಡ ಬಿದ್ದೆಡೆ ಸೀಳುತ್ತದೆ.

ಸೋಪಿನ ಪಾತ್ರವೂ ಸಣ್ಣದಲ್ಲ. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ಸಾಮಾನ್ಯ ಸಾಬೂನು ಕ್ಷಾರೀಯ. ಪದೇ ಪದೇ ತೊಳೆದಾಗ, ಅದರಲ್ಲೂ ಬಿಸಿನೀರಿನಲ್ಲಿ ತೊಳೆದಾಗ, ಚರ್ಮದ ಕೋಶಗಳ ನಡುವಿನ ಜಿಡ್ಡು ಕರಗಿ ಹೋಗುತ್ತದೆ. ಹಿಂಭಾಗ ತೆರೆದಿರುವ ಚಪ್ಪಲಿ ಮತ್ತು ದೇಹದ ಅತಿಯಾದ ತೂಕದಿಂದ ಹಿಮ್ಮಡಿಯ ಅಂಚು ಹೊರಕ್ಕೆ ಹರಡಿ ಬಿರುಕು ಆಳವಾಗುತ್ತದೆ.

ಆರೈಕೆಯ ಕ್ರಮ

ಯಾವ ಎಣ್ಣೆ ಎಂಬುದಕ್ಕಿಂತ ಅದನ್ನು ಯಾವಾಗ, ಹೇಗೆ ಹಚ್ಚಬೇಕೆಂಬುದು ಹೆಚ್ಚು ಮುಖ್ಯ. ಒಣಗಿದ ಚರ್ಮಕ್ಕೆ ಬರಿಯ ಎಣ್ಣೆ ಸವರಿದರೆ ಪ್ರಯೋಜನ ಕಡಿಮೆ. ಮೊದಲು ನೀರು, ಆಮೇಲೆ ಅದು ಆರದಂತೆ ತಡೆಯುವ ಜಿಡ್ಡು ಎಂಬುದು ಕ್ರಮ.

1. ರಾತ್ರಿ ಮಲಗುವ ಮುನ್ನ ಪಾದಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ ನೆನೆಸಬೇಕು. ಅದಕ್ಕಿಂತ ಹೆಚ್ಚು ಹೊತ್ತು ಬೇಡ.

2. ವಾರಕ್ಕೆ ಎರಡು ಬಾರಿ ಮಾತ್ರ ಕಾಲು ತಿಕ್ಕುವ ಕಲ್ಲಿನಿಂದ ಮೃದುವಾಗಿ ಉಜ್ಜಬಹುದು. ಉರಿ ಬರುವವರೆಗೆ ಉಜ್ಜಬಾರದು. ಆಳವಾದ ಬಿರುಕು ಅಥವಾ ರಕ್ತ ಇದ್ದಲ್ಲಿ ಕಲ್ಲನ್ನು ಮುಟ್ಟಿಸಬಾರದು.

3. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಚರ್ಮ ಇನ್ನೂ ಹಸಿಯಾಗಿರುವಾಗಲೇ ಎಣ್ಣೆ ಅಥವಾ ಮುಲಾಮು ಹಚ್ಚಬೇಕು. ಬೆರಳುಗಳ ಸಂದಿಯನ್ನು ಮಾತ್ರ ಪೂರ್ತಿ ಒಣಗಿಸಿ ಎಣ್ಣೆ ಇಲ್ಲದಂತೆ ಬಿಡಬೇಕು.

4. ಹತ್ತಿಯ ಕಾಲುಚೀಲ ಧರಿಸಿ ಮಲಗಬೇಕು. ಎಣ್ಣೆ ಹಚ್ಚಿದ ಕಾಲಿನಲ್ಲಿ ನಯವಾದ ನೆಲದ ಮೇಲೆ ನಡೆದರೆ ಜಾರುವ ಅಪಾಯವಿದೆ.

ಈ ಕ್ರಮವನ್ನು ತಪ್ಪದೆ ಎರಡು ವಾರ ಪಾಲಿಸಿದರೆ ಸಾಧಾರಣ ಒರಟುತನ ಬಹುಮಟ್ಟಿಗೆ ತಗ್ಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಮರಳಿ ಬರುತ್ತದೆ. ಆದ್ದರಿಂದ ಚಳಿಗಾಲ ಮುಗಿಯುವವರೆಗೆ ಮುಂದುವರಿಸಬೇಕು.

ಯಾವ ಎಣ್ಣೆ ಉತ್ತಮ?

ಕಲ್ಯಾಣ ಕರ್ನಾಟಕದ ಅಡುಗೆಮನೆಗಳಿಗೆ ಹಳೆಯ ಪರಿಚಯವಿರುವ ಕುಸುಬೆ ಎಣ್ಣೆ ಈ ಕೆಲಸಕ್ಕೆ ಯೋಗ್ಯವಾದುದು. ಸಾಂಪ್ರದಾಯಿಕ ಕುಸುಬೆ ತಳಿಗಳ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವೇ ಪ್ರಧಾನ. ಚರ್ಮದ ತೇವರಕ್ಷಕ ಪದರದ ರಚನೆಗೆ ಬೇಕಾದ ಕೊಬ್ಬಿನ ಆಮ್ಲವಿದು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲಿನೋಲಿಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆಯು ಚರ್ಮದ ರಕ್ಷಣಾ ಪದರವನ್ನು ಕೆಡಿಸದೆ ತೇವವನ್ನು ಹೆಚ್ಚಿಸಿತು. ಓಲೀಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆ ಆ ಪದರವನ್ನು ದುರ್ಬಲಗೊಳಿಸಿತು. ದುಬಾರಿ ಬೆಲೆ ತೆತ್ತು ಆಲಿವ್ ಎಣ್ಣೆ ತರುವ ಅಗತ್ಯವಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಕರಾವಳಿ ಮತ್ತು ಹಳೆಯ ಮೈಸೂರು ಭಾಗದವರ ಆಯ್ಕೆಯಾದ ಕೊಬ್ಬರಿ ಎಣ್ಣೆಯೂ ಉತ್ತಮವೇ. ಒಣಚರ್ಮದ ಮೇಲೆ ಅದು ಖನಿಜ ತೈಲದಷ್ಟೇ ಪರಿಣಾಮಕಾರಿ ಎಂಬುದನ್ನು ಫಿಲಿಪ್ಪೀನ್ಸ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನ ತೋರಿಸಿದೆ. ಹರಳೆಣ್ಣೆ ಮಂದವಾಗಿರುವುದರಿಂದ ಹಿಮ್ಮಡಿಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಎಳ್ಳೆಣ್ಣೆ ಮತ್ತು ತುಪ್ಪವನ್ನೂ ಬಳಸಬಹುದು. ಇವೆಲ್ಲಕ್ಕಿಂತ ಬಲವಾಗಿ ತೇವ ಆರುವುದನ್ನು ತಡೆಯುವಂಥದ್ದು ಔಷಧದಂಗಡಿಯ ಪೆಟ್ರೋಲಿಯಂ ಜೆಲ್ಲಿ. ಬೆಲೆಯೂ ಅಗ್ಗ.

ಮನೆಯಲ್ಲೇ ತಯಾರಿಸುವ ಮುಲಾಮು

ಹಿಮ್ಮಡಿ ಒಡೆಯುವುದನ್ನು ಆಯುರ್ವೇದವು 'ಪಾದದಾರಿ' ಎಂದು ಹೆಸರಿಸುತ್ತದೆ. ಸುಶ್ರುತ ಸಂಹಿತೆ ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಹೇಳಿದೆ. ಅಲ್ಲಿ ಸೂಚಿತವಾಗಿರುವ ಲೇಪನದ್ರವ್ಯಗಳಲ್ಲಿ ಜೇನುಮೇಣ ಮತ್ತು ತುಪ್ಪ ಸೇರಿವೆ. ಮೇಣ ಮತ್ತು ಜಿಡ್ಡಿನ ಈ ಜೋಡಿ ಇಂದಿನ ಮುಲಾಮುಗಳಲ್ಲಿಯೂ ಬಳಕೆಯಲ್ಲಿದೆ.

ಒಂದು ಭಾಗ ಶುದ್ಧ ಜೇನುಮೇಣಕ್ಕೆ ನಾಲ್ಕು ಭಾಗ ಎಣ್ಣೆ ಬೆರೆಸಿದ ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. ನೇರ ಉರಿಯ ಮೇಲೆ ಇಡಬಾರದು. ಕರಗಿದ್ದನ್ನು ಕಲಕಿ, ಒಣಗಿದ ಡಬ್ಬಿಗೆ ಹಾಕಿ, ಪೂರ್ತಿ ತಣ್ಣಗಾದ ಮೇಲೆಯೇ ಬಳಸಬೇಕು.

ಕೈಗಳಿಗೆ ಗ್ಲಿಸರಿನ್ ಹೆಚ್ಚು ಅನುಕೂಲ. ಅದರಲ್ಲಿ ನೀರನ್ನು ಸೆಳೆದು ಹಿಡಿಯುವ ಗುಣವಿದೆ. ಒಂದು ಭಾಗ ಗ್ಲಿಸರಿನ್‌ಗೆ ಎರಡು ಭಾಗ ಪನ್ನೀರು ಅಥವಾ ಕುದಿಸಿ ಆರಿಸಿದ ನೀರು ಸೇರಿಸಿ ಹಚ್ಚಬೇಕು. ಕಲಬುರಗಿಯಂತಹ ಒಣಹವೆಯ ಊರುಗಳಲ್ಲಿ ಅದರ ಮೇಲೆ ತುಸು ಎಣ್ಣೆ ಸವರಿದರೆ ತೇವ ಉಳಿಯುತ್ತದೆ. ನೀರು ಬೆರೆಸಿದ ಮಿಶ್ರಣ ಬೇಗ ಕೆಡುವುದರಿಂದ ಆಗಾಗ ಸ್ವಲ್ಪ ಸ್ವಲ್ಪವೇ ತಯಾರಿಸಿಕೊಳ್ಳುವುದು ಲೇಸು.

ಹಾಲಿನ ಕೆನೆ, ಮಾಗಿದ ಬಾಳೆಹಣ್ಣು, ಲೋಳೆಸರ ಮುಂತಾದವು ತಾತ್ಕಾಲಿಕ ನುಣುಪು ನೀಡುತ್ತವೆ. ಒಡೆದ ಚರ್ಮದೊಳಗೆ ಅವು ಉಳಿದರೆ ಸೋಂಕಿಗೆ ಎಡೆಯಾಗುವುದರಿಂದ ಗಾಯವಿಲ್ಲದ ಕಡೆ ಮಾತ್ರ ಹಚ್ಚಿ, ಚೆನ್ನಾಗಿ ತೊಳೆಯಬೇಕು.

ಇವುಗಳನ್ನು ಮಾಡಬೇಡಿ

* ನಿಂಬೆರಸ: ಬಿರುಕಿನಲ್ಲಿ ಉರಿ ಉಂಟುಮಾಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

* ಅಡುಗೆ ಸೋಡಾ: ಇದು ಕ್ಷಾರ. ಮೊದಲೇ ಒಣಗಿದ ಚರ್ಮವನ್ನು ಮತ್ತಷ್ಟು ಒಣಗಿಸುತ್ತದೆ.

* ಬ್ಲೇಡು, ಕತ್ತರಿ: ಗಡುಸು ಚರ್ಮವನ್ನು ಕತ್ತರಿಸುವುದರಿಂದ ಗಾಯ ಮತ್ತು ಸೋಂಕು ಖಚಿತವಾಗಿ ಹತ್ತಿರ ಬರುತ್ತವೆ.

* ಬಿಸಿ ಮೇಣ: ಕರಗಿಸಿದ ಮೋಂಬತ್ತಿಯನ್ನು ಬಿರುಕಿಗೆ ಸುರಿಯುವ ಅಭ್ಯಾಸ ಸುಟ್ಟಗಾಯಕ್ಕೆ ಕಾರಣವಾಗುತ್ತದೆ.

ಪಾತ್ರೆ, ಬಟ್ಟೆ ತೊಳೆಯುವಾಗ ರಬ್ಬರ್ ಕೈಗವಸು ಧರಿಸುವುದು ಎಲ್ಲ ಲೇಪನಗಳಿಗಿಂತ ಮೇಲು. ಗವಸಿನೊಳಗೆ ಬೆವರು ಕಟ್ಟದಂತೆ ತೆಳುವಾದ ಹತ್ತಿಯ ಗವಸನ್ನು ಮೊದಲು ಹಾಕಿಕೊಳ್ಳಬೇಕು. ಪ್ರತಿ ಸಲ ಕೈ ತೊಳೆದ ಬಳಿಕ ಲೇಪನ ಹಚ್ಚಿಕೊಳ್ಳುವ ರೂಢಿಯೂ ಬೇಕು.

ನೋವಿಲ್ಲದ ಬಿರುಕು ಹೆಚ್ಚು ಅಪಾಯಕಾರಿ

ನೋಯುವ ಹಿಮ್ಮಡಿ ತನ್ನ ಇರವನ್ನು ತಾನೇ ತಿಳಿಸುತ್ತದೆ. ಆಳವಾಗಿ ಸೀಳಿದ್ದರೂ ನೋವೇ ತಿಳಿಯದಿದ್ದರೆ ಅದು ನರಗಳ ಸಂವೇದನೆ ಕುಂದಿರುವುದರ ಸೂಚನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳೂ ರಕ್ತಸಂಚಾರವೂ ದುರ್ಬಲವಾಗುತ್ತವೆ. ಆಗ ಗಮನಕ್ಕೆ ಬಾರದ ಬಿರುಕು ಹುಣ್ಣಾಗಿ, ಕೊನೆಗೆ ಬೆರಳು ಅಥವಾ ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು.

ಆದ್ದರಿಂದ ಮಧುಮೇಹಿಗಳು ಕಾಲನ್ನು ಬಿಸಿನೀರಿನಲ್ಲಿ ನೆನೆಸಬಾರದು; ಶಾಖ ತಿಳಿಯದೆ ಚರ್ಮ ಸುಡುವ ಸಂಭವವಿದೆ. ಕಲ್ಲಿನಿಂದ ಉಜ್ಜುವುದೂ ಅವರಿಗೆ ಬೇಡ. ಕಾಲು ತೊಳೆದು, ಒರೆಸಿ, ತೇವಕಾರಕ ಹಚ್ಚಿದರೆ ಸಾಕು. ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕಾಗಲಿ, ಬೇರೆ ಜಾತ್ರೆಗಳಿಗಾಗಲಿ ಬರಿಗಾಲಿನಲ್ಲಿ ನಡೆಯುವ ಸಂಕಲ್ಪವಿರುವ ಮಧುಮೇಹಿಗಳು ಮೊದಲು ವೈದ್ಯರಲ್ಲಿ ಪಾದ ತೋರಿಸಿಕೊಳ್ಳುವುದು ಕ್ಷೇಮ.

ಜೋಮು ಹಿಡಿದ ಪಾದದ ಜೊತೆಗೆ ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಗಳಿದ್ದರೆ ಅದು ಕುಷ್ಠರೋಗದ ಲಕ್ಷಣವಿರಬಹುದು. ಬಹು ಔಷಧ ಚಿಕಿತ್ಸೆಯಿಂದ ಅದು ಪೂರ್ಣ ಗುಣವಾಗುತ್ತದೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ. ತುರಿಕೆ, ಬೆರಳ ಸಂದಿಯಲ್ಲಿ ಬಿಳುಪು, ಒಂದೇ ಕಾಲಿನ ಚರ್ಮ ಸುಲಿಯುವುದು ಶಿಲೀಂಧ್ರ ಸೋಂಕಿನ ಚಿಹ್ನೆಗಳು. ದಪ್ಪನೆಯ ಬೆಳ್ಳಿಬಣ್ಣದ ಹೊಟ್ಟು ಏಳುವುದು ಸೋರಿಯಾಸಿಸ್ ಇರಬಹುದು. ಇವುಗಳಿಗೆ ಎಣ್ಣೆಯಲ್ಲಿ ಮದ್ದಿಲ್ಲ.

ಎರಡು ವಾರಗಳ ಆರೈಕೆಗೂ ಬಗ್ಗದ ಒರಟುತನಕ್ಕೆ ಯೂರಿಯಾ ಬೆರೆತ ಮುಲಾಮನ್ನು ವೈದ್ಯರು ಸೂಚಿಸುತ್ತಾರೆ. ಕೀವು, ಬಾವು, ಕೆಂಪು, ಜ್ವರ ಇದ್ದಲ್ಲಿ ಅಷ್ಟು ದಿನವೂ ಕಾಯಬಾರದು. ಮನೆಯ ಹಿರಿಯರ ಅಂಗಾಲನ್ನು ಅವರಿಗೆ ಬಾಗಿ ನೋಡಿಕೊಳ್ಳಲು ಆಗದಿದ್ದರೆ ಕಿರಿಯರು ಪ್ರತಿದಿನ ನೋಡಬೇಕು. ಎಣ್ಣೆ ಹಚ್ಚುವ ಹೊತ್ತೇ ಇದಕ್ಕೆ ಅನುಕೂಲವಾದ ಸಮಯ.