ನಮ್ಮ ಶಾಲೆಯ ಹೆಗ್ಗಣ

ಬಸ್ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಗೆಳತಿಗೆ, ‘ನನ್ನ ಸ್ಕೂಲು ನಿನ್ನ ಸ್ಕೂಲಿಗಿಂತ ಬೆಸ್ಟು ಕಣೇ’ ಎಂದದ್ದು ಕಿವಿಗೆ ಬಿತ್ತು. ‘ಸ್ಕೂಲು’ ಅಂದಳೆಂದು ನನ್ನ ತಕರಾರಿಲ್ಲ. ನಮ್ಮ ಅಜ್ಜಂದಿರೇ ಅದಕ್ಕೊಂದು ‘ಇ’ ಹಚ್ಚಿ, ‘ಇಸ್ಕೂಲು’ ಮಾಡಿ ಮನೆಯೊಳಗೆ ಕರೆದುಕೊಂಡಿದ್ದಾರೆ. ‘ಬೆಸ್ಟು’ ಕೂಡ ಇರಲಿ, ಅದಿಲ್ಲದೆ ಈಗ ಯಾವ ಜಗಳವೂ ಮುಗಿಯುವುದಿಲ್ಲ. ನನ್ನನ್ನು ಚುಚ್ಚಿದ್ದು ಆ ಮೊದಲ ಮಾತು, ‘ನನ್ನ’.

ಕನ್ನಡದ ಮಕ್ಕಳು ಯಾವತ್ತಿನಿಂದ ‘ನನ್ನ ಶಾಲೆ’ ಅನ್ನತೊಡಗಿದರು? ನನ್ನ ಬಳಪ, ನನ್ನ ಪಾಟಿಚೀಲ, ನನ್ನ ಚಪ್ಪಲಿ, ನನ್ನ ಮಾರ್ಕ್ಸು ಇವೆಲ್ಲ ಸರಿ. ಆದರೆ ನಮ್ಮಮ್ಮ, ನಮ್ಮಪ್ಪ, ನಮ್ಮನೆ, ನಮ್ಮೂರು, ನಮ್ಮ ಮೇಷ್ಟ್ರು, ನಮ್ಮ ಶಾಲೆ. ಅಣ್ಣತಮ್ಮಂದಿರಿಲ್ಲದ ಒಂಟಿ ಮಗುವೂ ‘ನಮ್ಮಮ್ಮ’ ಅನ್ನುತ್ತದೆಯೇ ಹೊರತು, ಹಂಚಿಕೊಳ್ಳಲು ಯಾರೂ ಇಲ್ಲವೆಂದು ‘ನನ್ನಮ್ಮ’ ಅನ್ನುವುದಿಲ್ಲ. ತಿಂಗಳ ಬಾಡಿಗೆ ಕೊಟ್ಟು ಇರುವ ಮನೆಯೂ ‘ನಮ್ಮನೆ’ಯೇ. ಯಾವ ವ್ಯಾಕರಣದ ಪುಸ್ತಕವೂ ಇದನ್ನು ಹೀಗೆ ಬರೆದಿರಲಿಕ್ಕಿಲ್ಲ, ಆದರೆ ನಿಯಮ ಮಾತ್ರ ಸ್ಪಷ್ಟವಾಗಿದೆ: ನಾವು ಇಟ್ಟುಕೊಂಡದ್ದು ‘ನನ್ನ’, ನಮ್ಮನ್ನು ಇಟ್ಟುಕೊಂಡದ್ದು ‘ನಮ್ಮ’. ಶಾಲೆ ನಮ್ಮನ್ನು ಇಟ್ಟುಕೊಂಡಿತ್ತು. ಹತ್ತು ಗಂಟೆಗೆ ಒಳಗೆ ಕೂಡಿಹಾಕಿ ನಾಲ್ಕೂವರೆಗೆ ಬಿಡುತ್ತಿತ್ತು.

‘ಶಾಲೆ’ ಎಲ್ಲಿಂದ ಬಂತು, ಅದು ಉತ್ತರದ ಕಡೆ ‘ಸಾಲಿ’ ಹೇಗಾಯಿತು ಎಂಬುದನ್ನು ನಿಘಂಟು ನೋಡಿಕೊಳ್ಳಲಿ. ನನ್ನ ಕುತೂಹಲವಿರುವುದು ಅದರ ಹಿಂದೆ ನಿಂತ ‘ನಮ್ಮ’ದಲ್ಲಿ. ಇದರ ವಿಚಿತ್ರ ಗೊತ್ತಾಗಬೇಕಾದರೆ ಕರ್ನಾಟಕದ ಗಡಿಯನ್ನೊಮ್ಮೆ ಸುತ್ತಿ ಬರಬೇಕು. ತೆಲುಗಿನವನಿಗೆ ಎರಡು ‘ನಮ್ಮ’ ಇವೆ. ಕೇಳುವವನನ್ನು ಹೊರಗಿಟ್ಟರೆ ‘ಮಾ ಬಡಿ’, ಅವನನ್ನೂ ಸೇರಿಸಿಕೊಂಡರೆ ‘ಮನ ಬಡಿ’. ತಮಿಳಿನಲ್ಲಿ ‘ಎಂಗಳ್’ ಅಂದರೆ ನಿನ್ನನ್ನು ಬಿಟ್ಟು ನಮ್ಮದು, ‘ನಮ್ಮ’ ಅಂದರೆ ನಿನ್ನದೂ ಹೌದು. ಮಲಯಾಳಿಗಳಿಗೆ ‘ಞಂಙಳ್’ ಬೇರೆ, ‘ನಮ್ಮಳ್’ ಬೇರೆ. ಬೆಳಗಾವಿಯಿಂದಾಚೆ ಮರಾಠಿಯಲ್ಲೂ ‘ಆಮ್ಚಿ ಶಾಳಾ’ ಎನ್ನುವಾಗ ಎದುರಿಗಿರುವವನು ಹೊರಗೆ, ‘ಆಪ್ಲಿ ಶಾಳಾ’ ಎಂದೊಡನೆ ಒಳಗೆ. ದೂರ ಯಾಕೆ, ನಮ್ಮದೇ ತುಳುನಾಡಿನಲ್ಲಿ ‘ಎಂಕ್ಲೆನ ಶಾಲೆ’ಗೂ ‘ನಮ್ಮ ಶಾಲೆ’ಗೂ ನಡುವೆ ಒಂದು ಬೇಲಿಯಷ್ಟು ಅಂತರವಿದೆ. ಅದೇ ಕರಾವಳಿಯ ಹವ್ಯಕರ ಮನೆಮಾತಿನಲ್ಲೂ ‘ಎಂಗಳ’, ‘ನಮ್ಮ’ ಎರಡೂ ಬದುಕಿವೆ. ಸುತ್ತಲೂ ಹೆಚ್ಚಿನವರಿಗೆ ಎರಡೆರಡು. ನಡುವೆ ಕನ್ನಡ ಒಂದೇ ‘ನಮ್ಮ’ ಹಿಡಿದು ಕೂತಿದೆ.

ನಮಗೂ ಇನ್ನೊಂದು ಇತ್ತು. ಹಳೆಯ ಪದ್ಯಗಳ ‘ಎಮ್ಮ’ವನ್ನು ಯಾರು ಮರೆತಾರು? ಅದು ಆಡುಮಾತಿನಿಂದ ಕಳೆದುಹೋದದ್ದಕ್ಕೆ ಭಾಷಾಶಾಸ್ತ್ರಜ್ಞರು ಕೊಡುವ ಗಂಭೀರ ಕಾರಣಗಳ ಮೇಲೆ ನನಗೆ ಗೌರವವಿದೆ. ಆದರೆ ನನ್ನದೇ ಒಂದು ವಾದವೂ ಉಂಟು: ‘ಎಮ್ಮ’ ಸತ್ತದ್ದು ಶಾಲೆಯ ಜಗಲಿಯ ಮೇಲೆ. ಸರ್ಕಾರದ ಶಾಲೆಗಳು ಬರುವ ಮೊದಲು ಹಳೆ ಮೈಸೂರಿನ ಊರುಗಳಲ್ಲಿ ಕೂಲಿಮಠಗಳಿದ್ದವು. ಐಗಳೊಬ್ಬರು ಯಾರದೋ ಜಗಲಿಯಲ್ಲೋ ಗುಡಿಯ ಪಡಸಾಲೆಯಲ್ಲೋ ಕೂತು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅವರ ಕೂಲಿಯನ್ನು ಮಕ್ಕಳ ಮನೆಯವರು ದವಸವಾಗಿಯೋ ಪುಡಿಗಾಸಾಗಿಯೋ ಸಲ್ಲಿಸುತ್ತಿದ್ದರು. ಈಗ ಯೋಚಿಸಿ. ಐಗಳ ಮಡಕೆಯಲ್ಲಿ ಬೇಯುತ್ತಿರುವ ರಾಗಿಯಲ್ಲಿ ನಿಮ್ಮ ಮನೆಯದೂ ಒಂದು ಸೇರು ಇರುವಾಗ, ‘ಎಮ್ಮ ಮಠ, ನಿಮ್ಮದಲ್ಲ’ ಎಂದು ನಿಮ್ಮೆದುರಿಗೆ ಯಾವ ಬಾಯಲ್ಲಿ ಹೇಳುವುದು? ಹೇಳಲಾಗದ ಮಾತು ಎಷ್ಟು ದಿನ ಉಳಿದೀತು? ತಮಿಳುನಾಡಿನಲ್ಲೂ ತಿಣ್ಣೆಯ ಮೇಲೆ ಶಾಲೆಗಳು ನಡೆಯುತ್ತಿದ್ದವಲ್ಲ, ಅಲ್ಲೇಕೆ ‘ಎಂಗಳ್’ ಸಾಯಲಿಲ್ಲ ಎಂದು ಗೆಳೆಯರೊಬ್ಬರು ಅಡ್ಡ ಹಾಕಿದರು. ಉತ್ತರ ಹೊಳೆದಿಲ್ಲ, ವಾದವನ್ನು ಮಾತ್ರ ಬಿಟ್ಟಿಲ್ಲ.

ಆ ಜಗಲಿಯ ‘ನಮ್ಮ’ ಎಲ್ಲರನ್ನೂ ಒಳಗೊಂಡಿತ್ತೆಂದು ಹೇಳಿದರೆ ಸುಳ್ಳಾದೀತು. ಕೆಲವು ಮಕ್ಕಳು ಅಂಗಳದಾಚೆಗೇ ನಿಂತಿದ್ದರು. ಹೆಣ್ಣುಮಕ್ಕಳಂತೂ ಬಾಗಿಲೊಳಗೆ. ಮಂಗಳೂರಿನ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದ್ದಕ್ಕೆ ಅವರ ಸ್ವಂತ ಜಾತಿಯವರೇ ದೂರವಿಟ್ಟರು. ತುಳು ಬಲ್ಲವರಿಗೆ ಅವರು ಮಾಡಿದ್ದೇನೆಂದು ಒಂದೇ ಮಾತಿನಲ್ಲಿ ತಿಳಿಯುತ್ತದೆ: ‘ಎಂಕ್ಲೆನ’ ಆಗಿದ್ದ ಶಾಲೆಯನ್ನು ‘ನಮ್ಮ’ ಮಾಡಿದರು. ಕನ್ನಡದಲ್ಲಿ ಇದನ್ನು ವಿವರಿಸಲು ನನಗೆ ಇಷ್ಟುದ್ದದ ಪ್ಯಾರಾ ಬೇಕಾಯಿತು.

ಇನ್ನು ಹೆಗ್ಗಣದ ವಿಷಯ. ಯಾರಾದರೂ ತಮ್ಮ ಶಾಲೆಯನ್ನು ಹೊಗಳಲು ಶುರುಮಾಡಿದರೆ ಪಕ್ಕದಲ್ಲೊಬ್ಬರು ಮೀಸೆಯಡಿಯಲ್ಲಿ ನಗುತ್ತಾ, ‘ಹೆತ್ತವರಿಗೆ ಹೆಗ್ಗಣ ಮುದ್ದು’ ಅಂದೇ ಅನ್ನುತ್ತಾರೆ. ಈ ಗಾದೆಯ ಮೇಲೆ ನನಗೆ ಬಹುಕಾಲದ ಜಗಳವಿದೆ. ಗಾದೆಯ ಮೇಲಲ್ಲ, ಅದನ್ನು ಹೇಳುವವರ ಮೇಲೆ. ಪ್ರೀತಿ ಕುರುಡು, ಹೆತ್ತವಳಿಗೆ ತನ್ನ ಕೂಸಿನ ಕುರೂಪ ಕಾಣುವುದಿಲ್ಲ ಎಂದೇ ಅವರು ಅರ್ಥ ಮಾಡುತ್ತಾರೆ. ಗಾದೆಯನ್ನು ಇನ್ನೊಮ್ಮೆ ಓದಿ. ಹೆತ್ತವರಿಗೆ ಹೆಗ್ಗಣವು ಮೊಲದಂತೆ ಕಾಣುತ್ತದೆ ಎಂದು ಅದು ಎಲ್ಲಾದರೂ ಹೇಳಿದೆಯೇ? ಹೆಗ್ಗಣ ಹೆಗ್ಗಣವೇ. ಹೆತ್ತವರಿಗೂ ಅದು ಹೆಗ್ಗಣವೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮುದ್ದು.

ಅಲ್ಲದೆ, ಗಾದೆ ಕಟ್ಟಿದ ಪುಣ್ಯಾತ್ಮ ಇಲಿಯನ್ನು ಬಿಟ್ಟು ಹೆಗ್ಗಣವನ್ನೇ ಯಾಕೆ ಆರಿಸಿಕೊಂಡ? ಪ್ರಾಸಕ್ಕೆ ಎಂದು ನೀವು ಹೇಳಬಹುದು. ಪ್ರಾಸ ಸರಿ. ಆದರೆ ಇಲಿಯನ್ನು ಮುದ್ದು ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ? ಇಲಿಗೆ ಗಣಪತಿಯ ವಾಹನವೆಂಬ ಮರ್ಯಾದೆಯಿದೆ, ಚೌತಿಯ ದಿನ ಅದರ ಮುಂದೆಯೂ ಕಡುಬು ಇರುತ್ತದೆ. ಹೆಗ್ಗಣಕ್ಕೆ ಯಾವ ದೇವರೂ ಇಲ್ಲ. ಅದು ರಾತ್ರಿ ಬರುತ್ತದೆ, ಬುನಾದಿಯ ಕೆಳಗೆ ತೋಡುತ್ತದೆ, ಅಟ್ಟಿಸಿಕೊಂಡು ಹೋದರೆ ತಿರುಗಿ ನಿಲ್ಲುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಹೆಗ್ಗಣದ ಪರಿಚಯ ಮಾಡಿಕೊಡಬೇಕಿಲ್ಲ. ಅಕ್ಷರ ದಾಸೋಹದ ಅಕ್ಕಿಮೂಟೆ ಇಡುವ ಕೋಣೆಯಲ್ಲಿ ಅದರದೇ ದರಬಾರು. ಬೆಳಿಗ್ಗೆ ಬಾಗಿಲು ತೆಗೆದರೆ ಮೂಲೆಯಲ್ಲಿ ಹೊಸ ಮಣ್ಣಿನ ಗುಡ್ಡೆ. ಅಡುಗೆಯವರು ಶಪಿಸುತ್ತಾ ಬಿಲಕ್ಕೆ ಕಲ್ಲು ತುಂಬುತ್ತಾರೆ, ಮುಖ್ಯ ಶಿಕ್ಷಕರು ಇಲಾಖೆಗೆ ಪತ್ರ ಬರೆಯುತ್ತಾರೆ, ಮಕ್ಕಳು ಮಾತ್ರ ಅದಕ್ಕೊಂದು ಹೆಸರಿಟ್ಟುಬಿಡುತ್ತಾರೆ. ಹೆಸರಿಟ್ಟ ಮೇಲೆ ಅದು ಆ ಶಾಲೆಯ ಹಾಜರಿಯಲ್ಲಿ ಸೇರಿತೆಂದೇ ಲೆಕ್ಕ. ಪಕ್ಕದ ಊರಿನ ಹುಡುಗರ ಮುಂದೆ ‘ನಮ್ಮ ಶಾಲೆ ಹೆಗ್ಗಣ ಇಷ್ಟುದ್ದ’ ಎಂದು ಎರಡೂ ಕೈ ಅಗಲಿಸುತ್ತಾರೆ, ಅವರು ತಮ್ಮದು ಇನ್ನೂ ದೊಡ್ಡದು ಎನ್ನುತ್ತಾರೆ.

ಇಲ್ಲೇ ನನಗೆ ಇನ್ನೊಂದು ನೆಂಟಸ್ತಿಕೆ ಹೊಳೆಯುವುದು. ಹೆಬ್ಬಾಗಿಲು, ಹೆದ್ದಾರಿ, ಹೆಜ್ಜೇನು, ಹೆಮ್ಮರ ಇವುಗಳೆಲ್ಲದರ ತಲೆಯಲ್ಲಿ ಕೂತ ‘ಹಿರಿದು’ ಎಂಬುದೇ ಹೆಗ್ಗಣದ ತಲೆಯಲ್ಲೂ ಕೂತಿದೆ ಎಂದು ನನ್ನ ಗಟ್ಟಿ ನಂಬಿಕೆ. ಹಳಗನ್ನಡದ ‘ಪೆರ್ಮೆ’ಯಿಂದ ಬಂದ ಹೆಮ್ಮೆಯ ತಲೆಯಲ್ಲಿರುವುದೂ ಅದೇ. ಹಾಗಾದರೆ ಹೆಮ್ಮೆಗೂ ಹೆಗ್ಗಣಕ್ಕೂ ರಕ್ತಸಂಬಂಧವಾಯಿತು. ‘ನಮ್ಮ ಶಾಲೆ ನಮ್ಮ ಹೆಮ್ಮೆ’ ಎಂದು ಫ್ಲೆಕ್ಸ್ ಕಟ್ಟುವವರು ಇದನ್ನು ಗಮನಿಸಬೇಕು.

ತನ್ನ ಶಾಲೆಯ ಕುಂದುಗಳ ಪಟ್ಟಿಯನ್ನು ಅಲ್ಲಿ ಓದಿದವನಷ್ಟು ನಿಖರವಾಗಿ ಯಾವ ಎಂಜಿನಿಯರೂ ಕೊಡಲಾರ. ಯಾವ ಹಂಚಿನಡಿ ಕೂತರೆ ಮಳೆಗಾಲದಲ್ಲಿ ಪಟ್ಟಿ ಪುಸ್ತಕ ತೊಯ್ಯುತ್ತದೆ, ಕರಿಹಲಗೆಯ ಯಾವ ಮೂಲೆಯಲ್ಲಿ ಸುಣ್ಣದ ಕಡ್ಡಿ ಜಾರುತ್ತದೆ, ಯಾವ ಬೆಂಚಿನ ಮೊಳೆ ಚಡ್ಡಿ ಹರಿಯುತ್ತದೆ ಎಲ್ಲವೂ ಅವನಿಗೆ ಗೊತ್ತು. ಆದರೆ ಅದನ್ನು ಆಡುವ ಹಕ್ಕು ಅವನೊಬ್ಬನದೇ. ಗದಗಿನ ಕಡೆಯ ಹಿರಿಯರೊಬ್ಬರು ನನ್ನನ್ನು ಒಮ್ಮೆ ತಡೆದು ಹೇಳಿದ್ದರು: ‘ನಮ್ಮ ಸಾಲಿ ಸೋರತೈತಿ ಅಂತ ನಾವ್ ಅನ್ನಬೇಕ್ರಿ, ನೀವ್ ಅನ್ನೂಹಂಗಿಲ್ಲ.’ ಆ ‘ನಮ್ಮ’ವನ್ನು ಅವರು ಎಳೆದ ರೀತಿ ಕೇಳಬೇಕಿತ್ತು. ಸತ್ತುಹೋಯಿತೆಂದು ನಾನು ಷರಾ ಬರೆದಿದ್ದ ‘ಎಮ್ಮ’ ಅಲ್ಲಿತ್ತು, ಪದವಾಗಿ ಅಲ್ಲ, ರಾಗವಾಗಿ. ತಮಿಳು ತೆಲುಗಿನವರು ಎರಡು ಪದಗಳಲ್ಲಿ ಮಾಡುವ ಕೆಲಸವನ್ನು ನಾವು ಒಂದೇ ಪದದ ಏರಿಳಿತದಲ್ಲಿ ಮುಗಿಸುತ್ತೇವೆ. ಚಂದಾ ಕೇಳುವಾಗ ‘ನಮ್ಮ’ ಮೆತ್ತಗಾಗಿ ಎದುರಿನವರನ್ನು ಒಳಕ್ಕೆ ಕರೆಯುತ್ತದೆ, ಖೋ ಖೋ ಪಂದ್ಯದಲ್ಲಿ ಗಂಟಲು ಹರಿಯುವಂತೆ ಕೂಗಿ ಅದೇ ಎದುರಿನವರನ್ನು ಅಂಕಣದಾಚೆಗೆ ದಬ್ಬುತ್ತದೆ.

ಚಂದಾ ಎಂದಾಗ ನೆನಪಾಯಿತು. ಸರ್ಕಾರಗಳೂ ಈ ಪದದ ಬಲವನ್ನು ಚೆನ್ನಾಗಿ ಬಲ್ಲವು. ಹಳೆಯ ವಿದ್ಯಾರ್ಥಿಗಳ ನೆರವು ಬೇಡಲು ನಮ್ಮ ಶಿಕ್ಷಣ ಇಲಾಖೆ ಇಟ್ಟ ಹೆಸರು ‘ನಮ್ಮ ಶಾಲೆ ನನ್ನ ಕೊಡುಗೆ’. ಇದನ್ನು ಹೊಳೆಯಿಸಿದ ಅಧಿಕಾರಿ ಯಾರೋ, ಅವರಿಗೆ ನನ್ನ ನಮಸ್ಕಾರ. ಶಾಲೆ ನಮ್ಮದು, ಜೇಬು ನನ್ನದು! ನನ್ನ ನಿಯಮವನ್ನು ಇಷ್ಟು ಚೊಕ್ಕವಾಗಿ ಯಾರೂ ಪಾಲಿಸಿಲ್ಲ. ಮುಂದೆ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಎಂಬುದೂ ಬಂತು. ಜವಾಬ್ದಾರಿಯನ್ನು ‘ನಮ್ಮ’ ಮಾಡಿದರೆ ಅದು ಯಾರ ತಲೆಗೂ ಬಾರದೆ ಹೋಗುವ ಅಪಾಯವಿದೆಯೆಂದು ನನ್ನ ಗೊಣಗಾಟ. ತಮಿಳುನಾಡಿನವರು ಇಂಥದೇ ಯೋಜನೆಗೆ ‘ನಮ್ಮ ಸ್ಕೂಲ್ ನಮ್ಮ ಊರು ಪಳ್ಳಿ’ ಎಂದರು. ಎರಡು ಪದಗಳು ಕೈಯಲ್ಲಿದ್ದೂ ‘ಎಂಗಳ್’ ಅನ್ನಲಿಲ್ಲ ನೋಡಿ. ದೇಣಿಗೆ ಕೇಳುವಾಗ ಯಾರು ತಾನೇ ಕೇಳುವವರನ್ನು ಹೊರಗಿಟ್ಟಾರು?

‘ಕೊಡುಗೆ’ ಎಂಬುದೂ ನಮ್ಮ ಶಾಲೆಗಳ ಗೋಡೆಯ ಪದ. ಗಡಿಯಾರದ ಮುಖದ ಮೇಲೆ, ಬೀರುವಿನ ಬಾಗಿಲ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರು. ರಿಷಬ್ ಶೆಟ್ಟಿ 2018ರಲ್ಲಿ ತೆಗೆದ ಚಿತ್ರಕ್ಕೆ ಅಂಥದೊಂದು ಬೋರ್ಡಿನ ಬರಹವನ್ನೇ ಹೆಸರಾಗಿ ಇಟ್ಟರು: ‘ಸ.ಹಿ.ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 1956ರಲ್ಲಿ ಕೇರಳಕ್ಕೆ ಸೇರಿದ ನೆಲದಲ್ಲಿ ಮುಚ್ಚಲು ಹೊರಟ ಕನ್ನಡ ಶಾಲೆಯೊಂದನ್ನು ಮಕ್ಕಳು ಉಳಿಸಿಕೊಳ್ಳುವ ಕಥೆ ಅದು. ಆ ಮಕ್ಕಳಲ್ಲಿ ಒಬ್ಬನಾದರೂ ಅದನ್ನು ‘ನನ್ನ ಶಾಲೆ’ ಅಂದುಕೊಂಡಿದ್ದರೆ ಚಿತ್ರ ಮಧ್ಯಂತರಕ್ಕೇ ಮುಗಿಯುತ್ತಿತ್ತು. ‘ನನ್ನ ಶಾಲೆ’ ಮುಚ್ಚಿದರೆ ವರ್ಗಾವಣೆ ಪತ್ರ ತೆಗೆದುಕೊಂಡು ಇನ್ನೊಂದಕ್ಕೆ ಸೇರಬಹುದು. ‘ನಮ್ಮ ಶಾಲೆ’ ಮುಚ್ಚಿದರೆ ಜಗಳವಾಗುತ್ತದೆ.

ಇಂಗ್ಲಿಷಿನ ಶಾಲೆಗಳು ಹೆಮ್ಮೆಯನ್ನು ಬೇರೆ ಬಗೆಯಲ್ಲಿ ಹಂಚುತ್ತವೆ. ಬೆಂಗಳೂರಿನಲ್ಲಿ 1865ರಿಂದ ನಡೆದುಬಂದಿರುವ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು ಕಾಟೋನಿಯನ್ನರು. ಜನರಲ್ ತಿಮ್ಮಯ್ಯನವರೂ ಕಾಟೋನಿಯನ್. ಶಾಲೆಯ ಹೆಸರಿಗೊಂದು ಬಾಲ ಹಚ್ಚಿ ಅದನ್ನು ಮನುಷ್ಯನಿಗೆ ತೊಡಿಸುವ ಈ ಕಲೆ ಕನ್ನಡಕ್ಕೆ ಒಗ್ಗಲಿಲ್ಲ. ಕನ್ನಡಿಗ ತನ್ನ ಶಾಲೆಯ ಹೆಮ್ಮೆಯನ್ನು ಕಟ್ಟಡಕ್ಕಿಂತ ಹೆಚ್ಚಾಗಿ ಮೇಷ್ಟ್ರ ಹೆಗಲಿಗೆ ಏರಿಸುತ್ತಾನೆ. ‘ನಾನು ಇಂಥವರ ಶಿಷ್ಯ’ ಎಂದರೆ ಮುಗಿಯಿತು, ಶಾಲೆ ಯಾವುದೆಂದು ಕೇಳುವವರೇ ಊಹಿಸಿಕೊಳ್ಳಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಓದಿ, ಅಲ್ಲೇ ಪಾಠ ಹೇಳಿ, ಪ್ರಾಂಶುಪಾಲರೂ ಆದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದಾಗ ಅದನ್ನು ಒಪ್ಪಿಸಿದ್ದು ಕಾಲೇಜಿಗಲ್ಲ, ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಈಚೆಗೆ ಊರೂರಿನಲ್ಲಿ ಹತ್ತನೆಯ ತರಗತಿಯ ಹಳೆಯ ಬ್ಯಾಚಿನವರು ಸೇರಿ ನಡೆಸುವ ಗುರುವಂದನೆಗಳ ಹಿಂದಿರುವುದೂ ಇದೇ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಊಟ. ನನಗೆ ಇಷ್ಟವೇ. ಆದರೆ ನಿರೂಪಣೆಗೆ ನಿಂತವರು ‘ನಮ್ಮ ಮಾತೃಸಂಸ್ಥೆಗೆ ಬಂದು ತುಂಬಾ ಪ್ರೌಡ್ ಫೀಲ್ ಆಗ್ತಿದೆ’ ಎಂದಾಗ ಎದುರು ಕೂತ ಕನ್ನಡದ ಮೇಷ್ಟ್ರು ಪೇಟ ಸರಿಪಡಿಸಿಕೊಳ್ಳುವ ನೆವದಲ್ಲಿ ಹಣೆ ಒತ್ತಿಕೊಳ್ಳುವುದನ್ನು ನೋಡಿದ್ದೇನೆ. ‘ನಮ್ಮ ಶಾಲೆಗೆ ಬಂದ್ವಿ, ಖುಷಿಯಾಯ್ತು’ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

‘ನನ್ನ’ ಹೇಗೆ ಹೊಕ್ಕಿತು ಎಂಬುದಕ್ಕೆ ನನ್ನ ಅನುಮಾನವಿರುವುದು ‘ಮೈ ಸ್ಕೂಲ್’ ಎಂಬ ಒಂದು ಪುಟದ ಇಂಗ್ಲಿಷ್ ಪ್ರಬಂಧದ ಮೇಲೆ. ಅದನ್ನು ಉರುಹೊಡೆದ ಮಕ್ಕಳು ಕನ್ನಡಕ್ಕೆ ತಿರುಗಿದಾಗಲೂ ‘ನನ್ನ ಶಾಲೆ ಬಹಳ ಸುಂದರವಾಗಿದೆ, ನನ್ನ ಶಾಲೆಯ ಮುಂದೆ ಹೂದೋಟವಿದೆ’ ಎಂದು ಬರೆಯುತ್ತಾರೆ, ಮುಂದೆ ಇರುವುದು ಪಂಚಾಯಿತಿಯ ಕಸದ ತೊಟ್ಟಿಯಾದರೂ. ವರ್ಷಕ್ಕೆ ಇಷ್ಟು ಸಾವಿರ, ಲಕ್ಷ ಎಂದು ಶುಲ್ಕ ಕಟ್ಟಿಸಿಕೊಳ್ಳುವ ಕಡೆ ಈ ‘ನನ್ನ’ಕ್ಕೆ ಒಂದು ನ್ಯಾಯವೂ ಇದೆಯೆನ್ನಿ. ದುಡ್ಡು ಕೊಟ್ಟು ಕೊಂಡದ್ದು ‘ನನ್ನ’ದಲ್ಲದೆ ಮತ್ತೇನು? ಆದರೆ ಕೊಂಡ ವಸ್ತುವಿನ ಬಗ್ಗೆ ಗ್ಯಾರಂಟಿ ಕೇಳಬಹುದು, ಹೆಮ್ಮೆ ಪಡುವುದು ಕಷ್ಟ. ಹೆಮ್ಮೆಗೆ ಹಿಂದೆ ಓದಿದವರು ಬೇಕು, ಮುಂದೆ ಓದುವವರು ಬೇಕು, ಅದೇ ಬೆಂಚಿನ ಅದೇ ಮೊಳೆಗೆ ಚಡ್ಡಿ ಹರಿದುಕೊಂಡ ಅಪರಿಚಿತರೊಬ್ಬರು ಎಲ್ಲೋ ರೈಲಿನಲ್ಲಿ ಸಿಕ್ಕಬೇಕು.

ಆದ್ದರಿಂದ ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರಲ್ಲಿ ಒಂದು ಅರ್ಜಿ. ಪ್ರಬಂಧದ ವಿಷಯ ‘ನಮ್ಮ ಶಾಲೆ’ ಎಂದೇ ಇರಲಿ, ‘ನನ್ನ’ ಎಂದವರಿಗೆ ಅರ್ಧ ಅಂಕ ಕತ್ತರಿಸಿ. ಹೂದೋಟ, ವಿಶಾಲ ಮೈದಾನ, ಪ್ರೀತಿಯ ಶಿಕ್ಷಕವೃಂದ ಎಂದು ಮೂರು ಸಾಲು ಸುತ್ತಿದವರಿಗೆ ಇನ್ನರ್ಧ. ಸೋರುವ ಹಂಚಿನ ಜಾಗವನ್ನು ಸರಿಯಾಗಿ ತೋರಿಸಿದವರಿಗೆ ಧಾರಾಳವಾಗಿ ಕೊಡಿ. ಹೆಗ್ಗಣದ ಹೆಸರನ್ನೂ ಬರೆದವರಿಗೆ ಪೂರ್ತಿ ಅಂಕ.