ಲೋಡಿನ ದಾರಿ

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಇಳಿಸುತ್ತಿದ್ದರು. ಡ್ರೈವರ್ ಟಾರ್ಪಾಲು ಮಡಚುತ್ತಲೇ ಫೋನಿನಲ್ಲಿ ಕೇಳಿದ: “ಹುಬ್ಬಳ್ಳಿ ಕಡೆ ಲೋಡ್ ಐತೇನ್ರೀ?” ಸರಕು ಯಾವುದೆಂದು ವಿಚಾರಿಸಲಿಲ್ಲ. ಸಿಮೆಂಟೋ ಪ್ಲೈವುಡ್ಡೋ, ಏನಾದರೂ ಸರಿ, ಊರಿಗೆ ಖಾಲಿ ಗಾಡಿ ಓಡಿಸುವಂತಾಗಬಾರದು. ಅವನ ಬಾಯಲ್ಲಿ ಲೋಡ್ ಎಂದರೆ ಊರ ಹಾದಿ.

ಈ ಪದದ ಮೊದಲ ಅರ್ಥವೂ ಅದೇ. ಹಳೆಯ ಇಂಗ್ಲಿಷಿನ ‘ಲಾಡ್’ ಎಂದರೆ ದಾರಿ, ಪಯಣ, ಒಯ್ಯುವಿಕೆ. ಸರಕು ಹೇರುವುದಕ್ಕೆ ‘ಲೇಡ್’ ಎಂಬ ಬೇರೆಯೇ ಕ್ರಿಯಾಪದವಿತ್ತು. ಎರಡೂ ಒಡನಾಡಿ ಒಡನಾಡಿ, ಲೇಡಿನ ತೂಕ ಲೋಡಿನ ಹೆಗಲಿಗೇರಿತು. ಹಳೆಯ ಅರ್ಥ ಮೂಲೆ ಸೇರಿ ಉಳಿಯಿತು: ನಾವಿಕರಿಗೆ ದಾರಿ ತೋರುವ ಧ್ರುವನಕ್ಷತ್ರ ಲೋಡ್‌ಸ್ಟಾರ್, ಅಯಸ್ಕಾಂತದ ಕಲ್ಲು ಲೋಡ್‌ಸ್ಟೋನ್. ಬಂಡೆಯೊಳಗೆ ಅದಿರು ಹರಿದ ಜಾಡೂ ಲೋಡೇ. ಕೋಲಾರದಲ್ಲಿ ಚಾಂಪಿಯನ್ ಲೋಡ್ ಹಿಡಿದು ಗಣಿಯವರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. 2001ರಲ್ಲಿ ಆ ಗಣಿ ಮುಚ್ಚಿತು.

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಲೈವ್ಲಿಹುಡ್, ಅಂದರೆ ಜೀವನೋಪಾಯ. ಅದರ ಹಳೆಯ ರೂಪ ‘ಲೀಫ್‌ಲಾಡ್’, ಬಾಳಿನ ದಾರಿ. ಈಗಿನ ಕಾಗುಣಿತದಲ್ಲಿ ಲೋಡ್ ಕಾಣುವುದಿಲ್ಲ, ಆದರೆ ಆ ಮಾತು ಹುಟ್ಟಿದ್ದು ಅದರಿಂದಲೇ.

ಕನ್ನಡಕ್ಕೆ ಬಂದು ಲೋಡು ಅಳತೆಯೂ ಆಯಿತು. ಒಂದು ಲೋಡು ಮರಳು, ಎರಡು ಲೋಡು ಗೊಬ್ಬರ. ಟ್ರ್ಯಾಕ್ಟರಿನದೋ ಟಿಪ್ಪರಿನದೋ ಎಂದು ಕೇಳಿದರೆ ವ್ಯಾಪಾರ ಮುಂದುವರಿಯುತ್ತದೆ. ಆದರೂ ಅದು ನಮ್ಮ ಹೊರೆಯ ಜಾಗ ಹಿಡಿದಿಲ್ಲ, ಹಿಡಿಯಲೂಬಾರದು. ತಲೆಯ ಮೇಲಿನ ಹುಲ್ಲು ಹೊರೆ, ಎತ್ತಿನ ಬೆನ್ನಿನದು ಹೇರು, ಲಾರಿಯದು ಲೋಡು. ಕೆಲಸದ ಲೋಡು ಎನ್ನುತ್ತೇವೆ. ಸಾಲ ಮಾತ್ರ ಇಂದಿಗೂ ಹೊರೆಯೇ. ಕತ್ತಿನ ನರಕ್ಕೆ ತಾಗುವ ಭಾರಕ್ಕೆ ಬೇರೆ ಮಾತು ಒಗ್ಗುವುದಿಲ್ಲ.

ಅಂದು ಚೀಲ ಇಳಿಸುತ್ತಿದ್ದ ಹಮಾಲರೊಬ್ಬರಿಗೆ ಐವತ್ತು ದಾಟಿರಬೇಕು. ಟವೆಲ್ಲನ್ನು ಸಿಂಬೆ ಸುತ್ತಿ ತಲೆಗಿಟ್ಟು, ಲಾರಿಗೆ ಬೆನ್ನು ಕೊಟ್ಟು ಬಗ್ಗುತ್ತಿದ್ದರು. ಮೇಲಿನವನು ಚೀಲ ಜಾರಿಸಿದಾಗ ಉಸಿರು ಬಿಗಿಹಿಡಿದು, ಮೊಣಕಾಲು ಒಮ್ಮೆ ಅದುರಿ, ಆಮೇಲೆ ನಡಿಗೆ. ಬಿಡುವಿನಲ್ಲಿ ಕೇಳಿದೆ: “ಒಂದು ಲೋಡಿಗೆ ಎಷ್ಟು ಚೀಲ ಬರತ್ತೆ ಅಣ್ಣಾ?”

“ಲೆಕ್ಕ ಮೇಸ್ತ್ರಿ ಇಡ್ತಾರೆ ಸಾರ್,” ಎಂದರು, ಬೀಡಿ ಹಚ್ಚುತ್ತಾ. “ನಾನು ದಾರಿ ನೋಡ್ಕೊಂಡು ನಡೀತೀನಿ.”